ಅಕ್ಕೋರ ಒಲೆಯದಲ್ಲದ ಆರು ಬಿಸ್ಕೀಟು

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಸಣ್ಣವರಿದ್ದಾಗ ಬೀಸುವ ಕಲ್ಲಿಗೆ ಸಿಕ್ಕು ಒಡೆದದ್ದು, ಮುಂದೆ ಒಂದಾಗಲೇ ಇಲ್ಲ. ಆ ಬೆರಳಿನಿಂದಲೇ ಅವರು ಮಕ್ಕಳ ಪಾಟಿಯ ಮೇಲಿನ ತಪ್ಪು ಒರೆಸುತ್ತಿದ್ದರು. ಅದರಿಂದಲೇ ಮನೆಯಲ್ಲಿ ಮಾಡುವ ಗೋಧಿ ಬಿಸ್ಕೀಟಿನ ನಡುವೆ ಒತ್ತುತ್ತಿದ್ದರು. ಒತ್ತಿದಲ್ಲಿ ಒಂದು ತಗ್ಗು ಬೀಳುತ್ತಿತ್ತು, ತಗ್ಗಿನೊಳಗೆ ಕೂದಲೆಳೆಯಷ್ಟು ಒಂದು ಗೆರೆ. ಬೇರೆ ಯಾರು ಮಾಡಿದರೂ ಆ ಗೆರೆ ಬರುವಂತಿರಲಿಲ್ಲ.

ಅವರು ಬನಹಟ್ಟಿಯ ಸಾಲಿಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದರು. ಮನೆ ತೇರದಾಳದಲ್ಲಿ. ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದರು. ನಾನು ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರ ಟೆಂಪೋ ನಡೆಸುತ್ತಿದ್ದೆ. ನಮ್ಮದು ಕುರಿ ಕಾಯುವ ಮನೆತನ, ಬೀರದೇವರ ಒಕ್ಕಲು. ಕುರಿಯ ಹಿಂದೆ ತಿರುಗುವುದರಲ್ಲಿ ನನ್ನ ಸಾಲಿ ಹೋಯಿತು. ಇಪ್ಪತ್ತಮೂರು ವರ್ಷಕ್ಕೂ ಸಹಿ ಒಂದು ಬಿಟ್ಟರೆ ಮತ್ತೇನೂ ಬರುತ್ತಿರಲಿಲ್ಲ. ಒಂದು ದಿನ ನೂಲಿನ ಗಂಟಿನ ಮೇಲೆ ಅಂಟಿಸಿದ್ದ ಚೀಟಿಯನ್ನು ಓದಿ ಹೇಳಿರೆಂದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಅವರನ್ನು ಕೇಳಿದೆ. ಓದಿ ಹೇಳಿದರು. ಆಮೇಲೆ ನನ್ನ ಮುಖ ನೋಡಿ, ನಾಳೆ ಮಧ್ಯಾಹ್ನದ ಸೂಟಿಯಲ್ಲಿ ಸಾಲಿಗೆ ಬಾ ಎಂದರು.

ಹೋದೆ. ಒಂದನೇ ಇಯತ್ತೆಯ ಹುಡುಗರು ಹೊರಗೆ ಊಟ ಮಾಡುವಾಗ ನಾನು ಅವರ ಮಣೆಯ ಮೇಲೆ ಮೊಣಕಾಲು ಮಡಚಿ ಕೂತು ಅ ಆ ತಿದ್ದಿದೆ. ನನ್ನ ಕೈ ನೋಡಿ ಅಕ್ಕೋರು ನಕ್ಕರು.

"ಲೇ ತಮ್ಮಾ, ಅದು ಟೆಂಪೋದ ಗೇರಲ್ಲ, ಪೆನ್ಸಿಲ್. ಹಂಗ ಜಗ್ಗಿದರ ಮುರೀತೈತಿ."

ವಾರದಲ್ಲಿ ಮೂರು ನಾಲ್ಕು ದಿನ, ಲೋಡು ಇಲ್ಲದಾಗೆಲ್ಲ ಹೋದೆ. ವರ್ಷಗಳು ಹೋದವು. ಏಳನೆಯದನ್ನು ಹೊರಗಿನಿಂದ ಕಟ್ಟಿ ಪಾಸಾದೆ. ಒಮ್ಮೆ ಯಾರದೋ ನೋಡಿ ಲೆಕ್ಕ ಬರೆದು ತಂದಿದ್ದೆ. ಅವರು ಬೈಯಲಿಲ್ಲ, ಹಾಳೆ ಹರಿದು ನನ್ನ ಕೈಗೆ ಕೊಟ್ಟರು. ತಪ್ಪು ಬರೆದರೆ ಅಳಿಸಬಹುದು, ಸುಳ್ಳು ಬರೆದರೆ ಹಾಳೆಯನ್ನೇ ಹರಿಯಬೇಕು ಎಂಬುದು ಅವರ ಮಾತು. ಒಂದನೇ ಇಯತ್ತೆಯವರಿಗೂ ಅದನ್ನೇ ಹೇಳುತ್ತಿದ್ದರು, ನನಗೂ ಅದನ್ನೇ.

ಅವರ ಯಜಮಾನರು ಪೋಸ್ಟಿನಲ್ಲಿದ್ದು ನಿವೃತ್ತರಾದವರು. ತೇರದಾಳದಲ್ಲಿ ಎಲ್ಲರಿಗೂ ಅವರು 'ಪೋಸ್ಟಿನ ಅಣ್ಣಾ'. ಗಂಡ ಹೆಂಡತಿ ಇಬ್ಬರಿಗೂ ಬಸದಿಯ ಮೇಲೆ ಬಹಳ ಭಕ್ತಿ. ಒಂದು ಚಾತುರ್ಮಾಸದಲ್ಲಿ ಊರಿಗೆ ಬಂದ ಮುನಿಗಳ ಮುಂದೆ ಇಬ್ಬರೂ ನೇಮ ಹಿಡಿದರು. ಹಾಲು ಹಣ್ಣು ಬಿಟ್ಟರೆ, ತಮ್ಮ ಮನೆಯ ಒಲೆಯ ಮೇಲೆ ಬೆಂದದ್ದನ್ನು ಮಾತ್ರ ಉಣ್ಣಬೇಕು, ಅದೂ ಹೊತ್ತು ಮುಳುಗುವುದರೊಳಗೆ. ಹಿಟ್ಟಿಗೂ ಲೆಕ್ಕವಿತ್ತು. ಬೀಸಿದ ಹಿಟ್ಟು ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರೇ ದಿನ. ಆಮೇಲೆ ಅದರಲ್ಲಿ ಜೀವ ಹುಟ್ಟುತ್ತದೆ ಎಂದು ಅವರು ಮುಟ್ಟುತ್ತಿರಲಿಲ್ಲ. ಅಕ್ಕೋರು ಹಿಟ್ಟಿನ ಡಬ್ಬಿಗೆ ಒಂದು ಸಣ್ಣ ಪಾಟಿ ಕಟ್ಟಿ, ಬೀಸಿದ ದಿನವನ್ನು ಅದರ ಮೇಲೆ ಬರೆದಿಡುತ್ತಿದ್ದರು.

ಆ ಮಳೆಗಾಲದ ಆರಂಭಕ್ಕೆ ಪೋಸ್ಟಿನ ಅಣ್ಣಾ ಬಸದಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಮಿರಜಿಯ ಒಂದು ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಆದರೆ ಗಾಯ ಕೂಡಲಿಲ್ಲ. ಹೊಟ್ಟೆಗೆ ಸರಿಯಾಗಿ ಅನ್ನ ಬೀಳದೆ ಗಾಯ ಒಣಗುವುದಿಲ್ಲವೆಂದು ಡಾಕ್ಟರರು ದಿನಾ ಹೇಳಿದರು. ಅಣ್ಣಾ ಹಾಲು, ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅವರ ತಮ್ಮ ಆಸ್ಪತ್ರೆಯಲ್ಲಿ ಜೊತೆಗಿದ್ದರು. ಅಕ್ಕೋರು ಅಲ್ಲಿ ಇರುವಂತಿರಲಿಲ್ಲ. ಮನೆಯಲ್ಲಿ ತೊಂಬತ್ತು ದಾಟಿದ ಅತ್ತೆ ಹಾಸಿಗೆ ಹಿಡಿದಿದ್ದರು. ರವಿವಾರ ಮಾತ್ರ ಬಸ್ಸಿಗೆ ಹೋಗಿ ಬರುತ್ತಿದ್ದರು. ಒಯ್ದ ಚಪಾತಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಚರ್ಮವಾಗುತ್ತಿತ್ತು. ಅಣ್ಣಾನ ಬಾಯಲ್ಲಿ ಹಲ್ಲಿರಲಿಲ್ಲ.

ನನ್ನ ಟೆಂಪೋ ನಸುಕಿನಲ್ಲಿ ತೇರದಾಳ ದಾಟಿ, ಕುಡಚಿಯ ಮೇಲೆ ಮಿರಜಿ ಹಿಡಿದು ಇಚಲಕರಂಜಿಗೆ ಹೋಗುತ್ತಿತ್ತು. ನಾನು ಒಯ್ಯುತ್ತೇನೆ ಎಂದೆ. ಆದರೆ ಸೂರ್ಯ ಹುಟ್ಟುವ ಮೊದಲು ಅವರು ಒಲೆ ಹೊತ್ತಿಸುವವರಲ್ಲ, ನಾನು ಸೂರ್ಯ ಹುಟ್ಟಿದ ಮೇಲೆ ಹೊರಡುವವನಲ್ಲ. ಹಿಂದಿನ ದಿನ ಮಾಡಿಟ್ಟರೂ ಕೆಡದಂಥದ್ದು, ಹಾಲಿನಲ್ಲಿ ಅದ್ದಿದರೆ ಹಲ್ಲಿಲ್ಲದ ಬಾಯಲ್ಲಿ ಕರಗುವಂಥದ್ದು ಬೇಕಾಗಿತ್ತು. ಹೀಗೆ ಶುರುವಾದದ್ದು ಬಿಸ್ಕೀಟು.

ಅದನ್ನು ಅವರು ಮಾಡುವುದನ್ನು ನಾನು ಹೊಸ್ತಿಲ ಮೇಲೆ ಕೂತು ನೋಡಿದ್ದೇನೆ. ಮನೆಯಲ್ಲೇ ಕಾಸಿದ ತುಪ್ಪಕ್ಕೆ ಬೆಲ್ಲದ ಪುಡಿ ಹಾಕಿ, ಬಣ್ಣ ಬಿಳಿಚುವ ತನಕ ಅಂಗೈಯಿಂದ ತಿಕ್ಕುತ್ತಿದ್ದರು. ಅದಕ್ಕೆ ಗೋಧಿ ಹಿಟ್ಟು, ಚಿಟಿಕೆ ಉಪ್ಪು, ಎರಡು ಯಾಲಕ್ಕಿ. ಮುಷ್ಟಿ ಹಿಡಿದರೆ ಹಿಟ್ಟು ನಿಲ್ಲಬೇಕು, ಬೆರಳಿಂದ ಮುಟ್ಟಿದರೆ ಉದುರಬೇಕು. ಅಲ್ಲಿಗೆ ಬಂದ ಮೇಲೆ ಚಮಚದಷ್ಟೇ ಹಾಲು. ದಪ್ಪ ಬೋಗುಣಿಯಲ್ಲಿ ಹೊಳೆಯ ಉಸುಕು ಕಾಯಿಸಿ, ಅದರ ಮೇಲೆ ಕಬ್ಬಿಣದ ಬಳೆಯಂಥ ಸಿಂಬಿ ಇಟ್ಟು, ಸಿಂಬಿಯ ಮೇಲೆ ತಾಟು ಇಟ್ಟು, ಮುಚ್ಚಳದ ಮೇಲೆ ನಾಲ್ಕು ಕೆಂಡ ಹರಡುತ್ತಿದ್ದರು. ಗಡಿಯಾರ ನೋಡುತ್ತಿರಲಿಲ್ಲ. ತುಪ್ಪದ ವಾಸನೆ ಹೋಗಿ ಗೋಧಿಯ ವಾಸನೆ ಬಂದಾಗ ಇಳಿಸುತ್ತಿದ್ದರು. ಬಿಸಿ ಇರುವಾಗ ಮೆತ್ತಗಿರುತ್ತವೆ, ಮುಟ್ಟಬಾರದು, ಆರಿದ ಮೇಲೆ ತಾವೇ ಗಟ್ಟಿಯಾಗುತ್ತವೆ.

ಮೊದಲ ದಿನ ಅಣ್ಣಾ ಎರಡು ತಿಂದರು. ಬೆರಳಿಂದ ನಡುವಿನ ತಗ್ಗು ಮುಟ್ಟಿ ನೋಡಿ, ನಮ್ಮಾಕಿ ಸಿಕ್ಕಾ ಹೊಡದು ಕಳಿಸ್ಯಾಳ ಎಂದು ನಕ್ಕರಂತೆ. ಪೋಸ್ಟಿನವರಲ್ಲವೇ. ಇದನ್ನು ಅವರ ತಮ್ಮ ಹೇಳಿದ್ದನ್ನು ನಾನು ಅಕ್ಕೋರಿಗೆ ಹೇಳಿದೆ. ಅವರು ಮುಖ ತಿರುಗಿಸಿಕೊಂಡು ಒಲೆಯ ಬೂದಿ ತೆಗೆಯತೊಡಗಿದರು. ಮುಂದಿನ ವಾರಕ್ಕೆ ಮೂರಾಯಿತು, ನಾಲ್ಕಾಯಿತು. ಗಾಯದ ಒಂದು ಅಂಚು ಒಣಗಿದೆಯೆಂದು ಡಾಕ್ಟರರು ಹೇಳಿದರು.

ಅಷ್ಟರಲ್ಲಿ ಹೊಳೆ ಬಂತು. ಮೇಲೆ ಮಳೆ, ಕೆಳಗೆ ಆಣೆಕಟ್ಟಿನ ನೀರು ಹಿಂದಕ್ಕೆ ಒತ್ತುತ್ತದೆಂದು ಜನ ಬೈಯುತ್ತಿದ್ದರು. ಕುಡಚಿಯ ಸೇತುವೆ ಮುಳುಗಿ ಎರಡು ದಿನ ಒಂದು ಗಾಡಿಯೂ ದಾಟಲಿಲ್ಲ. ಮೂರನೆಯ ದಿನ ನೀರು ಇಳಿದಿದೆ ಎಂದು ಕೇಳಿ ಹೊರಟೆ. ಅಕ್ಕೋರು ಮಳೆಯಲ್ಲಿ ತಲೆಗೆ ಸೆರಗು ಹೊದ್ದು ರಸ್ತೆಯ ಮೇಲೆ ನಿಂತಿದ್ದರು. ಡಬ್ಬಿಯನ್ನು ಎರಡು ಅರಿವೆಯಲ್ಲಿ ಸುತ್ತಿದ್ದರು.

"ಎರಡ ದಿನಾತು, ಅವರ ಹೊಟ್ಟ್ಯಾಗ ಒಂದು ಕಾಳು ಬಿದ್ದಿಲ್ಲ. ಹೆಂಗರ ಮಾಡಿ ಇದನ್ನ ಮುಟ್ಟಿಸೋ ತಮ್ಮಾ."

ಸೇತುವೆಯ ಈಚೆ ಗಾಡಿಗಳ ಸಾಲು ನಿಂತಿತ್ತು. ಮೂರು ತಾಸು ಕೂತೆ. ಡಬ್ಬಿ ತೆರೆದು ನೋಡಿದರೆ ಬಿಸ್ಕೀಟು ತಂಪಿಗೆ ಮೆತ್ತಗಾಗಿದ್ದವು. ಮುರಿದು ಹಿಟ್ಟಾದರೆ ಹೇಗೆ ಎಂದು ಹೆದರಿದೆ. ನಮ್ಮ ಟೆಂಪೋದಲ್ಲಿ ಡ್ರೈವರನ ಪಕ್ಕಕ್ಕೆ ಎಂಜಿನ್ನಿನ ಮುಚ್ಚಳ ಇತ್ತು. ಮಳೆಗಾಲದಲ್ಲಿ ನಾವು ಅದರ ಮೇಲೆ ಅಂಗಿ ಒಣಗಿಸುತ್ತೇವೆ, ರೊಟ್ಟಿ ಬೆಚ್ಚಗಿಡುತ್ತೇವೆ. ನಾನು ಡಬ್ಬಿಯ ಬಾಯಿ ತೆರೆದು ಅಲ್ಲಿಟ್ಟೆ. ಬೆಚ್ಚಗೆ ಆಗಿ ಗಟ್ಟಿಯಾಗಲಿ ಎಂದು. ಆ ದಿನ ನಸುಕಿನಲ್ಲೇ ಡಿಸೇಲಿನ ಪೈಪು ಒಸರುತ್ತಿತ್ತು, ಬಟ್ಟೆ ಕಟ್ಟಿ ಬಂದಿದ್ದೆ. ಮೂಗಿಗೆ ಆ ವಾಸನೆ ರೂಢಿಯಾಗಿತ್ತು, ಗೊತ್ತಾಗಲಿಲ್ಲ.

ಆಸ್ಪತ್ರೆಯ ಮುಂದೆ ಇಳಿದು, ಗಟ್ಟಿಯಾಗಿವೆಯೇ ನೋಡೋಣವೆಂದು ಒಂದು ತುಣುಕು ಬಾಯಿಗೆ ಹಾಕಿದೆ. ಉಗುಳಿದೆ. ತುಪ್ಪವೆಲ್ಲ ಡಿಸೇಲಿನ ವಾಸನೆ ಹೀರಿಕೊಂಡಿತ್ತು. ಇನ್ನೊಂದು ಮುರಿದೆ, ಮತ್ತೊಂದು. ಎಲ್ಲವೂ ಹಾಗೇ. ಗಟಾರದ ದಂಡೆಗೆ ಚೆಲ್ಲಿದರೆ ನಾಯಿ ಮೂಸಿ ನೋಡಿ ಹೋಯಿತು.

ಮೇಲೆ ಎರಡು ದಿನ ಉಪವಾಸವಿದ್ದ ಮನುಷ್ಯ. ಕೆಳಗೆ ಖಾಲಿ ಡಬ್ಬಿ ಹಿಡಿದ ನಾನು. ತಿರುಗಿ ತೇರದಾಳಕ್ಕೆ ಹೋಗಿ ಬರಲು ಸೇತುವೆ ಬಿಡುವಂತಿರಲಿಲ್ಲ. ಎದುರಿಗೆ ಒಂದು ಬೇಕರಿ ಇತ್ತು. ಮೊಟ್ಟೆ ಹಾಕದ ಗೋಧಿ ಬಿಸ್ಕೀಟು ಇವೆಯೇ ಎಂದು ಕೇಳಿದೆ. ಇವೆ ಎಂದರು. ಖರೆ ಮೊಟ್ಟೆ ಇಲ್ಲವೇ ಎಂದು ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ಅಂಗಡಿಯವನು ಸಿಟ್ಟಾದ. ಡಬ್ಬಿ ತೊಳೆದು, ಒರೆಸಿ, ಅವನ್ನು ಒಳಗೆ ಹೊಂದಿಸಿಟ್ಟೆ. ಅಕ್ಕೋರ ಅರಿವೆಯನ್ನೇ ಮತ್ತೆ ಸುತ್ತಿದೆ.

ಅಣ್ಣಾನ ಗಲ್ಲ ಒಳಗೆ ಹೋಗಿ ಕಣ್ಣಷ್ಟೇ ಉಳಿದಿದ್ದವು. ಅವರ ತಮ್ಮ ಹಾಲು ತರಲು ಹೋಗಿದ್ದರು. ಒಂದು ಬಿಸ್ಕೀಟು ಕೈಗೆ ಕೊಟ್ಟೆ. ಅವರು ತಿನ್ನಲಿಲ್ಲ. ನಡುವೆ ಬೆರಳಾಡಿಸಿದರು. ಅಲ್ಲಿ ತಗ್ಗು ಇರಲಿಲ್ಲ.

"ಆಕಿ ಕೈಗೆ ಏನಾತೋ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕೈ ಸ್ವಲ್ಪ ಸುಟ್ಟಿದೆ, ಬಾಜೂ ಮನೆಯ ಹುಡುಗಿ ಬಂದು ತಟ್ಟಿಕೊಟ್ಟಳು ಎಂದೆ. ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಅವರು ನನ್ನನ್ನು ನೋಡುತ್ತಲೇ ಇದ್ದರು.

"ಮನಿ ಒಲಿದಽ ಹೌದಲ್ಲೋ?"

"ಹೌದ್ರಿ ಅಣ್ಣಾ."

ಆರು ತಿಂದರು. ಹಾಲಿನಲ್ಲಿ ಅದ್ದಿ ಅದ್ದಿ, ಕಣ್ಣು ಮುಚ್ಚಿ, ಆರು. ಕೈ ಸುಟ್ಟಿದ್ದರೆ ನಾಲ್ಕು ದಿನ ಒಲೆಯ ಹತ್ತಿರ ಹೋಗಬೇಡ ಎಂದು ಹೇಳು ಅಂದರು.

ಮರಳಿ ಬರುವಾಗ ಅಕ್ಕೋರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಎಷ್ಟು ತಿಂದರು ಎಂದು ಕೇಳಿದರು. ಆರು ಎಂದೆ. ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು. ಆರಾ, ಆರಾ ಎಂದು ಎರಡು ಸಲ ಕೇಳಿದರು. ಅತ್ತೆಗೆ ಕೇಳುವಂತೆ ಒಳಗೆ ಕೂಗಿ ಹೇಳಿದರು. ಆಗಲೇ ನಾನು ಹೇಳಬೇಕಾಗಿತ್ತು. ಹೇಳಲಿಲ್ಲ.

ಮರುದಿನದಿಂದ ಮತ್ತೆ ಅವರ ಬಿಸ್ಕೀಟೇ ಹೋದವು. ಡಬ್ಬಿಯನ್ನು ನಾನು ಕೆಳಗೇ ಅಣ್ಣಾನ ತಮ್ಮನ ಕೈಗೆ ಕೊಟ್ಟು ಓಡಿ ಬರುತ್ತಿದ್ದೆ. ರವಿವಾರ ಅಕ್ಕೋರು ಆಸ್ಪತ್ರೆಗೆ ಹೋದರು. ಸೋಮವಾರ ನಾನು ಹೋದಾಗ ಅಣ್ಣಾನ ತಮ್ಮ ಡಬ್ಬಿ ಇಸಿದುಕೊಳ್ಳಲಿಲ್ಲ, ಆದದ್ದನ್ನು ಹೇಳಿದರು. ಅಣ್ಣಾ ಹೆಂಡತಿಯ ಕೈ ಹಿಡಿದು, ತಿರುವಿ ತಿರುವಿ ಸುಟ್ಟ ಗಾಯ ಹುಡುಕಿದರಂತೆ. ಯಾವ ಗಾಯ ಎಂದು ಅಕ್ಕೋರು ಕೇಳಿದರಂತೆ. ಆ ಆರು ಬಿಸ್ಕೀಟು ಮನೆಯ ಒಲೆಯವಲ್ಲ ಎಂದು ಇಬ್ಬರಿಗೂ ಆಗಲೇ ತಿಳಿಯಿತಂತೆ. ಅಣ್ಣಾ ಬಾಯಿ ಮುಕ್ಕಳಿಸಿ, ಪ್ರಾಯಶ್ಚಿತ್ತವೆಂದು ಎರಡು ದಿನ ನೀರಿನ ಮೇಲೆ ಇರುವ ನೇಮ ಹಿಡಿದರು. ಡಾಕ್ಟರರು ಕೂಗಾಡಿದರು. ಅಕ್ಕೋರು ಬೇಡವೆಂದು ಕಾಲು ಹಿಡಿದರು. ಅಣ್ಣಾ ಕೇಳಲಿಲ್ಲ. ಆದರೂ ಮನಸ್ಸು ತಿರುಗೀತೆಂಬ ಆಸೆಗೆ ಅಕ್ಕೋರು ಆ ಡಬ್ಬಿ ಕಳಿಸಿದ್ದರು.

"ಇದನ್ನ ವಾಪಸ್ ಒಯ್ಯಿ," ಎಂದರು ತಮ್ಮ.

ಎರಡು ದಿನದ ಮೇಲೆ ಜ್ವರ ಬಂತು. ಒಣಗಿದ ಅಂಚು ಮತ್ತೆ ಬಿಟ್ಟಿತು. ಮುಂದಿನ ರವಿವಾರಕ್ಕೆ ಅಣ್ಣಾ ಇರಲಿಲ್ಲ. ಆ ಆರು ಬಿಸ್ಕೀಟು ಅವರನ್ನು ನಾಲ್ಕು ದಿನ ಉಳಿಸಿದವೋ, ಅವರ ಆಯುಷ್ಯದ ನಾಲ್ಕು ವರ್ಷ ಕಳೆದವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗಾಯ ಮೊದಲೇ ಕೆಟ್ಟಿತ್ತು ಎಂದು ಡಾಕ್ಟರರು ಹೇಳಿದರು. ನನಗೆ ಅದರಿಂದ ಸಮಾಧಾನವಾಗಲಿಲ್ಲ.

ಹದಿಮೂರು ದಿನ ಮುಗಿದ ಮೇಲೆ ಹೋಗಿ ಅಕ್ಕೋರ ಅಂಗಳದಲ್ಲಿ ನಿಂತೆ. ಡಿಸೇಲಿನಿಂದ ಹಿಡಿದು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

"ಹಸದಾಂವಗ ಉಣ್ಣಿಸಿದಿ, ಅದು ತಪ್ಪಲ್ಲ. ಸುಳ್ಳ ಹೇಳಿ ಉಣ್ಣಿಸಿದಿ, ಅದು ತಪ್ಪು. ಎರಡೂ ಕೂಡಿಸಿ ಕಲಸಬ್ಯಾಡ."

ನಾನು ಸಾಲಿಗೆ ಹೋಗುವುದನ್ನು ಬಿಟ್ಟೆ. ಆ ವರ್ಷ ಎಸ್ಸೆಸ್ಸೆಲ್ಸಿ ಕಟ್ಟಬೇಕಾಗಿತ್ತು. ಒಂದು ತಿಂಗಳು ನೋಡಿ ಅವರೇ ಹೇಳಿ ಕಳಿಸಿದರು, ತಪ್ಪು ಮಾಡಿದವ ಸಾಲಿ ಬಿಡಬೇಕೆಂದು ಎಲ್ಲಿ ಬರೆದಿದೆ ಎಂದು. ಹೋದೆ. ಮೊದಲಿನ ಹಾಗೇ ಕಲಿಸಿದರು, ಮೊದಲಿನ ಹಾಗೇ ತಪ್ಪು ಹುಡುಕಿದರು. ನಕ್ಕು ಚ್ಯಾಷ್ಟಿ ಮಾತ್ರ ಮಾಡಲಿಲ್ಲ. ಮೂವತ್ತೊಂದನೆಯ ವಯಸ್ಸಿಗೆ ನಾನು ಪಾಸಾದೆ. ಪೇಡೆ ಒಯ್ಯುವ ಧೈರ್ಯವಾಗಲಿಲ್ಲ, ಮಾರ್ಕ್ಸ್ ಕಾರ್ಡು ಮಾತ್ರ ಒಯ್ದು ತೋರಿಸಿದೆ.

ಅದಾಗಿ ಎಷ್ಟೋ ವರ್ಷದ ಮೇಲೆ ಅಕ್ಕೋರ ಮೂತ್ರಪಿಂಡ ಕೆಟ್ಟವು ಎಂದು ಕೇಳಿದೆ. ಅತ್ತೆ ತೀರಿದ್ದರು. ಬಾಜೂ ಮನೆಯಲ್ಲಿದ್ದ ನೆಗೆಣ್ಣಿ, ಅಣ್ಣಾನ ತಮ್ಮನ ಹೆಂಡತಿ, ಬಂದು ಅಕ್ಕೋರದೇ ಒಲೆ ಹೊತ್ತಿಸಿ ಬೇಯಿಸಿಕೊಡುತ್ತಿದ್ದರು. ನಾನು ಮನೆಯಲ್ಲಿ ಬೋಗುಣಿಗೆ ಉಸುಕು ತುಂಬಿ ಬಿಸ್ಕೀಟು ಮಾಡಲು ಕಲಿತೆ. ಮೊದಲನೆಯವು ಹೆಂಚಿನ ಚೂರಾದವು, ಎರಡನೆಯವು ಇದ್ದಿಲು. ಟೆಂಪೋ ಮಾರಿ ಬೇಕರಿ ಇಡತೀಯೇನು ಎಂದು ಹೆಂಡತಿ ಕೇಳಿದಳು. ಎಂಟನೆಯ ಸಲಕ್ಕೆ ಬಂದವು. ತೇರದಾಳಕ್ಕೆ ಹೋಗಿ, ನಿಮ್ಮ ಒಲೆಯ ಮೇಲೆ ಮಾಡಿಕೊಡಲೇ ಎಂದು ಕೇಳಿದೆ. ಅಕ್ಕೋರು ಮಂಚದ ಮೇಲಿಂದ ನನ್ನನ್ನು ನೋಡಿ, ಮಾಡು ಎಂದರು.

ಮಡಿ ಉಟ್ಟು ಅವರ ಕಲ್ಲಿನಲ್ಲೇ ಗೋಧಿ ಬೀಸಿದೆ. ಹೊತ್ತು ಹುಟ್ಟಿದ ಮೇಲೆ ಒಲೆ ಹೊತ್ತಿಸಿದೆ. ಹಾಲು ಹೆಚ್ಚಾಯಿತು, ಕೆಂಡ ಸರಿಸು, ಈಗ ಇಳಿಸು ಎಂದು ಅವರು ಮಲಗಿದಲ್ಲಿಂದಲೇ ಹೇಳಿದರು. ವಾಸನೆ ಅವರಿಗೇ ಮೊದಲು ಸಿಕ್ಕಿತು. ಆರಿದ ಮೇಲೆ ತಾಟು ಮುಂದಿಟ್ಟೆ. ಒಂದನ್ನು ತೆಗೆದುಕೊಂಡು, ತಿರುವಿ ತಳ ನೋಡಿದರು, ಮುರಿದರು, ಮೂಸಿದರು. ಚಲೋ ಬೆಂದಾವ ಎಂದರು. ಮತ್ತೆ ತಾಟಿನೊಳಗೆ ಇಟ್ಟರು.

ಎಂಟು ದಿನದ ಹಿಂದೆಯೇ ಅವರು ಕಾಳು ಬಿಟ್ಟು ಸಲ್ಲೇಖನದ ನೇಮ ಹಿಡಿದಿದ್ದಾರೆಂದು ನೆಗೆಣ್ಣಿ ಮೆಲ್ಲಗೆ ಹೇಳಿದರು. ಇನ್ನು ಹಾಲು, ಆಮೇಲೆ ಬರೇ ನೀರು. ನನಗೆ ತಡೆಯಲಾಗಲಿಲ್ಲ. ಮಂಚದ ಹತ್ತಿರ ಕುಕ್ಕರಗಾಲಿನಲ್ಲಿ ಕೂತೆ.

"ನೇಮಕ್ಕ ಬ್ಯಾಡಂದ್ರೋ, ನನ್ನ ಕೈದಂತ ಬ್ಯಾಡಂದ್ರೋ, ಅಕ್ಕೋರ?"

ಅವರು ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೆಂದು ನಾನು ಏಳಲು ಹೋದೆ.

"ಅರ್ಧಾ ನೇಮಕ್ಕ," ಎಂದರು. "ಅರ್ಧಾ ಅದಕ್ಕ. ಭಾಳ ನೋಡಿದೆ ತಮ್ಮಾ, ಅದು ಮನಸಿನ್ಯಾಗಿಂದ ಪೂರಾ ಹೋಗವಲ್ದು. ನಿನ್ನ ಮುಂದ ಸುಳ್ಳ ಹ್ಯಾಂಗ ಹೇಳಲಿ?"

ಬಿಸ್ಕೀಟನ್ನು ಮಕ್ಕಳಿಗೆ ಒಯ್ಯಿ ಎಂದರು. ಒಯ್ದೆ. ಮಕ್ಕಳು ತಿಂದರು. ನಾಲ್ಕನೆಯ ದಿನ ಅಕ್ಕೋರು ಹೋದರು.

ಪೂರಾ ಮಾಫಿ ಮಾಡಿದ್ದೇನೆ ಎಂದು ಅವರು ಒಂದು ಮಾತು ಅಂದಿದ್ದರೆ ನಾನು ಅಂದೇ ಹಗುರಾಗಿ, ಇಷ್ಟರಲ್ಲಿ ಮರೆತೂ ಇರುತ್ತಿದ್ದೆನೇನೋ. ಸಾಯುವ ಹೊತ್ತಿನಲ್ಲಿ ಅಂಥ ಒಂದು ಸುಳ್ಳು ಹೇಳಲು ಯಾರಿಗೂ ಅಡ್ಡಿಯಿರಲಿಲ್ಲ. ಅವರು ಹೇಳಲಿಲ್ಲ. ಉಳಿದ ಅರ್ಧ ನನ್ನ ಹತ್ತಿರವೇ ಇದೆ.