ಬೆಂಚಿನ ಮೇಲಿನ ಗೋಲ್‌ಕೀಪರ್

ನನ್ನ ಬಾಮೈದ ನೂಲಿನ ಗಿರಣಿಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವವನು. ಗಿರಣಿಯ ಫುಟ್‌ಬಾಲ್ ತಂಡದಲ್ಲಿ ಎರಡನೇ ಗೋಲ್‌ಕೀಪರ್ ಆಗಿದ್ದ. ಅಂದರೆ ಮೊದಲನೆಯವನ ಕಾಲು ಮುರಿಯುವುದನ್ನೇ ಕಾಯುತ್ತ ಬೆಂಚಿನ ಮೇಲೆ ಕೂರುವವನು. ಆ ಮಹಾನುಭಾವನ ಕಾಲು ಕೊನೆಯವರೆಗೂ ಮುರಿಯಲಿಲ್ಲ. ಬಾಮೈದ ಮಾತ್ರ ಪ್ರತಿ ಪಂದ್ಯಕ್ಕೂ ಕೈಗವಸು ತೊಟ್ಟು, ಬೂಟಿನ ದಾರ ಬಿಗಿದು ಕೂತಿರುತ್ತಿದ್ದ. ಅವನು ಬೆಂಚಿನ ಮೇಲಿದ್ದಷ್ಟು ಕಾಲ ನನಗೂ ಅವನನ್ನು ಕಂಡರೆ ಬಹಳ ಅಕ್ಕರೆ.

ನಮ್ಮಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ಫುಟ್‌ಬಾಲ್ ಕಾದಂಬರಿ ಎಂದರೆ ನಾನೇ. ನಾನು ಶುರುಮಾಡಿದಾಗ ಇದ್ದದ್ದು ಒಂದೇ ಬಗೆ: ಬರಿಗಾಲಿನ ಬಡ ಹುಡುಗ, ಕೊನೆಯ ನಿಮಿಷದ ಗೋಲು. ಅದು ಹಳಸಿದ ಮೇಲೆ ರೆಫರಿಯ ಕೊಲೆಗಳು ಬಂದವು. ಆಮೇಲೆ ಎದುರಾಳಿ ಕೋಚನ ಮಗಳನ್ನು ಪ್ರೀತಿಸುವವು. ಈಚೆಗೆ, ಮುದಿ ಆಟಗಾರ ಕುಡಿದು ಹಳೆಯದನ್ನೆಲ್ಲ ನೆನೆಯುವವು. ಎಲ್ಲದರಲ್ಲೂ ಕೈಯಾಡಿಸಿದ್ದೇನೆ, ಚೆಂಡನ್ನು ಮಾತ್ರ ಒಮ್ಮೆಯೂ ಒದ್ದವನಲ್ಲ. ಯಾವ ಬಗೆಯದೇ ಇರಲಿ, ನನ್ನ ಹೆಂಡತಿ ಮೊದಲು ತೆರೆಯುವುದು ಕೊನೆಯ ಪುಟವನ್ನೇ. ಗೆದ್ದರೋ ಸೋತರೋ ಗೊತ್ತಾದರೆ ಸಾಕು, ಪುಸ್ತಕ ಮಡಚಿಟ್ಟು ಎದ್ದು ಹೋಗುತ್ತಾಳೆ. ಹಿತ್ತಲ ಗಿಡ ಮದ್ದಲ್ಲವಲ್ಲ ಎಂದು ಸುಮ್ಮನಿದ್ದೆ. ಆದರೂ ಒಂದನ್ನಾದರೂ ಅವಳು ಮೊದಲಿನಿಂದ ಓದಲಿ ಎಂಬ ಆಸೆ ಸತ್ತಿರಲಿಲ್ಲ.

ಹೀಗಿರುವಾಗ ಬಾಮೈದ ಆಟ ಬಿಟ್ಟು ಕಾದಂಬರಿ ಬರೆದ. ಬೆಂಚಿನ ಮೇಲೆ ಕೂತ ಗೋಲ್‌ಕೀಪರನ ಕಥೆ. ಗೋಲಿಲ್ಲ, ಕೊಲೆಯಿಲ್ಲ, ಹುಡುಗಿಯಂತೂ ಇಲ್ಲವೇ ಇಲ್ಲ. ಭಾವನನ್ನು ನೋಡಿಯೇ ತನಗೆ ಧೈರ್ಯ ಬಂದದ್ದು ಎಂದು ಮೊದಲ ಪ್ರತಿಯನ್ನು ನನ್ನ ಕೈಗೇ ಕೊಟ್ಟ. ಕೂತಲ್ಲೇ ಓದಿ ಮುಗಿಸಿದೆ. ಚೆನ್ನಾಗಿತ್ತು. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಹೆಂಡತಿ ಅದನ್ನು ಮೊದಲ ಪುಟದಿಂದ ಹಿಡಿದಳು. ದಿನಕ್ಕೆ ಇಷ್ಟಿಷ್ಟೇ, ಅದೂ ಅಡುಗೆಮನೆಯಲ್ಲಿ ನಿಂತುಕೊಂಡೇ. ಕೊನೆಯ ಪುಟದತ್ತ ಬೆರಳೂ ಸರಿಯಲಿಲ್ಲ. ಒಂದು ದಿನ ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಅವಳಿಗೆ ಪರಿವೆಯಿಲ್ಲ. ಒರೆಸಿದವನು ನಾನು. ನನ್ನ ಪುಸ್ತಕಕ್ಕೆ ಇವಳು ಎಂದಾದರೂ ಒಂದು ತೊಟ್ಟು ಹಾಲು ಚೆಲ್ಲಿದ್ದಾಳೆಯೇ? ಕೈಯಲ್ಲಿ ಒದ್ದೆ ಬಟ್ಟೆ ಹಿಡಿದೇ ಅಂದುಬಿಟ್ಟೆ:

"ಅವನು ಆಡ್ತಾನೆ ಅಂತ ಕಾಯ್ಬೇಡ. ಕೊನೇವರೆಗೂ ಅವನನ್ನ ಇಳಿಸೋದೇ ಇಲ್ಲ."

ಅವಳು ತಲೆ ಎತ್ತಲಿಲ್ಲ. ಪುಟ ತಿರುವಿದಳು.

"ಗೊತ್ತು. ಮದುವೆ ಆಗೋವರೆಗೂ ಅವನ ಜರ್ಸಿ ಒಗೀತಿದ್ದೋಳು ನಾನೇ. ಒಂದಿನಾನೂ ಮಣ್ಣಾಗಿರ್ಲಿಲ್ಲ."