ಕೇರಳದವನ ಜೆರ್ಸಿ

ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಕೇರಳದಿಂದ ಬರಬೇಕಿದ್ದ ಸ್ಟ್ರೈಕರ್ ಟೂರ್ನಿಯ ಹಿಂದಿನ ದಿನ ಕೈಕೊಟ್ಟ. ಅವನ ಹೆಸರಿನ ಜೆರ್ಸಿ ಆಗಲೇ ಪ್ರಿಂಟಾಗಿ ಬಂದಿತ್ತು. ಅದನ್ನು ವಾಮಂಜೂರಿನ ಒಬ್ಬ ಟೈಲ್ಸ್ ಕೆಲಸದವನಿಗೆ ತೊಡಿಸಿ ಮೈದಾನಕ್ಕೆ ಇಳಿಸಿದರು. "ಇವ ಎಂತ ಆಡ್ತಾನೆ ಮಾರಾಯ" ಎಂದು ನಮ್ಮ ಅಭಿಮಾನಿಗಳೇ ನಕ್ಕರು.

ಅವನು ಪ್ರತಿ ಪಂದ್ಯದಲ್ಲೂ ಗೋಲು ಹೊಡೆದ. ಹೊಡೆದು ಕುಣಿಯುತ್ತಿರಲಿಲ್ಲ, ಬಲೆಯಿಂದ ಚೆಂಡನ್ನು ತಾನೇ ಎತ್ತಿ ತಂದು ನಡುಗೆರೆಯ ಮೇಲಿಟ್ಟು, "ಟೈಮ್ ಉಂಟು, ಆಡುವ" ಎನ್ನುತ್ತಿದ್ದ. ನಕ್ಕವರೇ ಗಂಟಲು ಹರಿಯುವಂತೆ ಕೂಗಿದರು, ಬೆನ್ನ ಮೇಲಿದ್ದ ಹೆಸರನ್ನು. ಅವನು ಅದಕ್ಕೂ ಕೈ ಎತ್ತುತ್ತಿದ್ದ.

ಕಪ್ ಬಂತು. ಹಂಪನಕಟ್ಟೆಯಲ್ಲಿ ಫ್ಲೆಕ್ಸ್ ಎದ್ದಿತು: ಅವನ ಮುಖ, ಕೆಳಗೆ ಅದೇ ಹೆಸರು. ಮರುದಿನ ಅವನು ಜೆರ್ಸಿಯನ್ನು ಒಗೆದು ಮಡಚಿ ತಂದು ಕ್ಲಬ್ಬಿನ ಕಾರ್ಯದರ್ಶಿಗೆ ಕೊಟ್ಟ. "ಇಟ್ಕೋ ಮಾರಾಯ, ನೆನಪಿಗೆ" ಎಂದರು ಅವರು.

"ಬೇಡ ಅಣ್ಣ. ಅವರು ಬಂದ್ರೆ ಬೇಕಾಗ್ತದೆ."

ಈಗಲೂ ಆ ಗೋಲುಗಳ ಮಾತು ಬಂದರೆ ನಮ್ಮವರ ಬಾಯಲ್ಲಿ ಬರುವುದು ಕೇರಳದವನ ಹೆಸರೇ. ಕಳೆದ ವರ್ಷ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಆ ಕೇರಳದವನನ್ನೇ ಮುಖ್ಯ ಅತಿಥಿಯಾಗಿ ಕರೆದರು. ಆ ಸಲ ಕೈಕೊಡಲಿಲ್ಲ, ಬಂದ. ಶಾಲು ಹೊದಿಸಿ, ಹಾರ ಹಾಕಿ, ಕಪಾಟಿನಿಂದ ಆ ಜೆರ್ಸಿಯನ್ನು ತೆಗೆದು ಕೈಗಿಟ್ಟರು.

ಅವನು ಬೇಡ ಎನ್ನಲಿಲ್ಲ.