ಮುನಿಸಿಕೊಂಡ ಬೀಗರ ಕಣ್ಣು

ನಮ್ಮತ್ತೆ ಕಮಲಕ್ಕನ ಪಕ್ಕ ಕೂತು ನಗೆ ಸಿನಿಮಾ ನೋಡುವುದೆಂದರೆ ಸಾಕುಸಾಕಾಗಿ ಹೋಗುತ್ತದೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಆಕೆ ಕಣ್ಣು ಕಿರಿದು ಮಾಡಿಕೊಂಡು ತೆರೆಯನ್ನೇ ದಿಟ್ಟಿಸುತ್ತಿರುತ್ತಾರೆ. ನಗು ಬರಲಿಲ್ಲವೇ ಎಂದು ಕೇಳಿದರೆ, "ನಗಾದು ಆಮ್ಯಾಲೆ ಶೋಭಾ. ಮೊದ್ಲು ಅವ್ನು ಹೆಂಗೆ ಮಾಡ್ತಾನೆ ನೋಡಾಣ ತಡಿ," ಎನ್ನುತ್ತಾರೆ. ಅಯ್ಯೋ ಶಿವನೇ, ನಗುವುದನ್ನೂ ಯಾರಾದರೂ ಮುಂದಕ್ಕೆ ಹಾಕುತ್ತಾರೆಯೇ?

ಅತ್ತೆ ಲೋಕಿಕೆರೆಯ ಒಕ್ಕಲುತನದ ಮನೆಯವರು. ಮಾವ ಕಾಟಪ್ಪನವರು ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲು ಮುಚ್ಚಿದ ಮೇಲೆ ಇಬ್ಬರೂ ಸೇರಿ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಹಿಟ್ಟಿನ ಗಿರಣಿ ಹಾಕಿದರು. ಗಿರಣಿಯ ಮೂಲೆಯಲ್ಲೊಂದು ಟಿವಿ ಇದೆ. ಯಂತ್ರದ ಗದ್ದಲದಲ್ಲಿ ಅದರ ಒಂದು ಮಾತೂ ಕಿವಿಗೆ ಬೀಳುವುದಿಲ್ಲ. ಹಾಗಾಗಿ ಅತ್ತೆ ಜೋಳ ಸುರಿಯುತ್ತ, ಹಿಟ್ಟು ತುಂಬುತ್ತ, ಬರೀ ಮುಖಗಳನ್ನು ನೋಡಿಯೇ ಇಷ್ಟೂ ವರ್ಷ ಸಿನಿಮಾ ನೋಡಿದ್ದಾರೆ. ಯಾರು ನಿಜವಾಗಿ ಬಿಕ್ಕಿದರು, ಯಾರು ಸುಮ್ಮನೆ ಹೆಗಲು ಕುಣಿಸಿದರು ಎಂದು ಆಕೆಯ ಹತ್ತಿರ ಕೇಳಬೇಕು.

ಅದರಲ್ಲೂ ಮದುವೆ ಮನೆಯ ಮುನಿಸಿನ ದೃಶ್ಯ ಬಂತೆಂದರೆ ಗಿರಣಿಯನ್ನೇ ನಿಲ್ಲಿಸಿಬಿಡುತ್ತಾರೆ. ನಮ್ಮ ಕಡೆ ಗಂಡಿನವರು ಎಲೆ ಮುಂದೆ ಕೂತು ಮುನಿಸಿಕೊಳ್ಳುವುದು, ಹೆಣ್ಣಿನವರು ರಮಿಸಿ ಉಣಿಸುವುದು ಹಿಂದಿನಿಂದ ಬಂದದ್ದು. ನಗೆ ಸಿನಿಮಾದವರಿಗಂತೂ ಅದಿಲ್ಲದೆ ಮದುವೆಯೇ ಆಗದು. ಒಬ್ಬ ನಟ ಮೂತಿ ಉದ್ದ ಮಾಡುತ್ತಾನೆ, ಇನ್ನೊಬ್ಬ ಪೇಟ ಕಿತ್ತೆಸೆಯುತ್ತಾನೆ. ನಮಗೆ ಎರಡೂ ಮಜಾ. ಅತ್ತೆಗೆ ಎರಡೂ ಸುಳ್ಳು. "ಕಣ್ಣು ನೋಡೇ, ಕಣ್ಣು! ಮುನಿಸ್ಕಂಡೋನ ಕಣ್ಣು ಹಂಗಿರಲ್ಲ," ಎನ್ನುತ್ತಾರೆ. ಮತ್ತೆ ಹೇಗಿರುತ್ತದೆ ಎಂದರೆ ಹೇಳುವುದಿಲ್ಲ. ಯಾರನ್ನು ನೋಡಿ ಈ ಲೆಕ್ಕ ಕಲಿತರೋ ಎಂಬ ಕುತೂಹಲ ನನ್ನನ್ನು ಬಹಳ ಕಾಡಿತ್ತು.

ಹೀಗಿರುವಾಗ ಹರಿಹರದ ಕಲ್ಯಾಣ ಮಂಟಪವೊಂದರಲ್ಲಿ ಶೂಟಿಂಗ್ ಬಂತು. ಮಾವ ಗೆಳೆಯ ಮಾಲತೇಶಪ್ಪನವರ ಜೊತೆ ನೋಡಲು ಹೋಗಿದ್ದರು. ಮುನಿಸಿಕೊಳ್ಳುವ ಬೀಗರ ಪಾತ್ರದವನು ಬಂದಿರಲಿಲ್ಲವಂತೆ. ಮಾವನ ಮೀಸೆ ನೋಡಿ ಅವರನ್ನೇ ಎಲೆ ಮುಂದೆ ಕೂಡಿಸಿದರು! ಆ ದಿನದಿಂದ ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿಟ್ಟು ಬೀಸಿಸಲು ಬಂದವರಿಗೆಲ್ಲ ಅದೇ ಕಥೆ. ಆದರೆ ಒಂದು ದಿನ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಊರೋರು ಏನನ್ನ ಅನ್ಲಿ ಶೋಭಾ. ನಿಮ್ಮತ್ತೆ ಬಾಯಾಗೆ ಒಂದ್ಸಲ ಚೆಂದ ಐತೆ ಅನ್ನಿಸ್ಕಬೇಕು. ಮದ್ವಿ ಆದಾಗಿಂದ ಒಂದಕ್ಕೂ ಅಂದಾಕಿ ಅಲ್ಲ." ಪಾಪ ಅನ್ನಿಸಿತು ನನಗೆ.

ಸಿನಿಮಾ ಬಿಡುಗಡೆಯಾದಾಗ ಊರಿನ ಟಾಕೀಸಿಗೆ ಎಲ್ಲರೂ ಹೋದೆವು. ತೆರೆಯ ಮೇಲೆ ಮಾವ ಬಂದರು. ಎಲೆಯ ಮೇಲೆ ಹೋಳಿಗೆ, ಅದರ ಮೇಲೆ ತುಪ್ಪ. ಮಾವ ಮುಖ ಊದಿಸಿಕೊಂಡು ಕೂತಿದ್ದರು. ನನ್ನ ಗಂಡ ಹನುಮೇಶ್ ಶಿಳ್ಳೆ ಹಾಕಿದರು. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿದವರು ಹಾಗೇ ಇದ್ದರು.

ಆಟೋದಲ್ಲಿ ಬರುವಾಗ ಒಬ್ಬೊಬ್ಬ ನಟರ ಮೇಲೂ ಅತ್ತೆಯ ತೀರ್ಪು ಶುರುವಾಯಿತು. "ಆ ಅಡಿಗೆಭಟ್ಟ ಚಲೋ ಮಾಡ್ಯಾನೆ. ಹೀರೋನ ಸೋದರತ್ತಿ ಪರವಾಗಿಲ್ಲ. ಹೀರೋ ಇನ್ನೂ ಕಲೀಬೇಕು." ಮಾವ ಕುತ್ತಿಗೆ ಚಾಚಿ ಕಾದೇ ಕಾದರು. ಮನೆ ಬಂತು, ಅವರ ಸರದಿ ಬರಲಿಲ್ಲ. ನನಗೋ ಮೈಯೆಲ್ಲ ಉರಿಯಿತು. ಏನು ಹೆಂಗಸಪ್ಪಾ ಇವರು, ಒಂದು ಮಾತಿಗೂ ಬರವೇ?

ಸಂಜೆಗೆ ಮಂಡಕ್ಕಿ ಒಗ್ಗರಣೆ ಹಾಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಕರಿದೆ. ಅದೆಂದರೆ ಮಾವನಿಗೆ ಪ್ರಾಣ. ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದವರು, "ನನಗೆ ಬ್ಯಾಡ," ಎಂದರು. ನಾನು ಕರೆದೆ, ಹನುಮೇಶ್ ಕರೆದರು. ಬ್ಯಾಡ ಅಂದರೆ ಬ್ಯಾಡ.

"ತಡೀರಿ, ಯಾರೂ ರಮಿಸ್ಬ್ಯಾಡ್ರಿ!" ಅಡುಗೆಮನೆಯ ಬಾಗಿಲಿನಿಂದ ಅತ್ತೆ ಕೂಗಿದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮಾವನ ಎದುರು ನೆಲದ ಮೇಲೆ ಕೂತರು. ಕಣ್ಣು ಕಿರಿದು ಮಾಡಿಕೊಂಡು ಅವರ ಮುಖವನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು. ಅಷ್ಟು ಜೋರಾಗಿ ಆಕೆ ನಕ್ಕಿದ್ದನ್ನು ನಾನು ಯಾವ ಸಿನಿಮಾಕ್ಕೂ ಕಂಡಿರಲಿಲ್ಲ.

"ಸಿನ್ಮಾದಾಗೆ ನೀವು ಹೋಳಿಗೆ ನೋಡಿದ್ರಿ," ಎಂದರು. "ಅದು ಮುನಿಸಲ್ಲ, ಹಸಿವು."

ಮಾವ ತಲೆ ತಗ್ಗಿಸಿದರು. "ಬೆಳಿಗ್ಗಿಂದ ಕೂಡಿಸಿದ್ರು ಕಣೆ. ಹೊಟ್ಟಿ ಹಸಿದಿತ್ತು."

"ಈಗ ನೋಡ್ರಿ, ತಟ್ಟೆ ಕಡೆ ಕಣ್ಣೇ ಇಲ್ಲ. ಇಷ್ಟೊತ್ತು ಅಡಿಗಿಮನಿ ಬಾಗ್ಲೇ ನೋಡ್ತಿದ್ರಿ. ಲೋಕಿಕೆರ್‍ಯಾಗೆ ಮದ್ವಿ ದಿನ ಹಿಂಗೇ ಕುಂತಿದ್ರಿ. ನಮ್ಮಪ್ಪ ಗಡಿಯಾರ ತಂದ್ರು, ಅಣ್ಣ ಉಂಗ್ರ ತಂದ. ನೀವು ಅದ್ರ ಕಡಿ ತಿರುಗ್ಲಿಲ್ಲ. ನಾನಿದ್ದ ಬಾಗ್ಲ ನೋಡ್ತಿದ್ರಿ. ಬಾಗ್ಲ ಸಂದ್ಯಾಗಿಂದ ನಾನೂ ನೋಡ್ದೆ."

ಮಾವ ತಗ್ಗಿಸಿದ್ದ ತಲೆ ಎತ್ತಿ ಅತ್ತೆಯ ಕಡೆ ನೋಡಿದರು.

"ಅವತ್ತಿಂದ ಎಷ್ಟು ಸಿನ್ಮಾದಾಗೆ ಹುಡುಕೀನಿ," ಅತ್ತೆ ಬಜ್ಜಿಯ ತಟ್ಟೆಯನ್ನು ಮಾವನ ಮುಂದೆ ಸರಿಸಿದರು. "ಒಬ್ಬನಿಗೂ ಆ ಕಣ್ಣು ಬರ್ಲಿಲ್ಲ."

ಮಾವನ ಮೀಸೆ ಅದುರಿತು. "ಹಂಗಾರೆ ಚೆಂದ ಐತೆ ಅನ್ನು."

"ಐತೆ. ಚೆಂದ ಐತೆ. ತಿನ್ರಿ ಈಗ, ಆರ್ತೈತೆ."

ಮಾವ ತಿನ್ನಲಿಲ್ಲ. ಅತ್ತೆ ಇನ್ನೂ ನೋಡುತ್ತಲೇ ಇದ್ದರು. ಅದಕ್ಕೇ ಮಾವ ಇನ್ನಷ್ಟು ಹೊತ್ತು ಮುನಿಸಿಕೊಂಡೇ ಕೂತರು.